ಕೋಲು ಹಿಡಿದ ಕೈಯಲ್ಲೇ ಜಪಮಾಲೆ

ಕೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನೂ ಒಡ್ಡಬೇಕೆಂದ ಗುರುವಿನ ಅನುಯಾಯಿ ಕೋಲುವರಸೆ ಕಲಿಯಬಹುದೇ? ಕೆ.ಜಿ.ಎಫ್.ನಂಥ ಊರಿನಲ್ಲಿ ಇದು ಬರಿಯ ವೇದಾಂತದ ಪ್ರಶ್ನೆಯಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿನ ಗಣಿಗಳನ್ನು ಕೈಗೆತ್ತಿಕೊಂಡ ಮೇಲೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಕೂಲಿಗಾಗಿ ಜನ ಬಂದರು. ಹೆಚ್ಚಿನವರು ತಮಿಳು ಮಾತಿನ ದಲಿತರು; ಅವರಲ್ಲಿ ಕ್ರೈಸ್ತರೂ ಬಹಳ. ತಮಿಳು ಸೀಮೆಯ ಕೋಲುವರಸೆಯೇ ಸಿಲಂಬ. ಅದರ ಬಿದಿರು ಸಾಮಾನ್ಯವಾಗಿ ಆಡುವವನ ಹಣೆಯೆತ್ತರ ಇರುತ್ತದೆ. ಕಲಿಯಬಂದವನಿಗೆ ಮೊದಲ ದಿನವೇ ಕೋಲು ಸಿಗದು. ಕಾಲಿನ ಹೆಜ್ಜೆ ಪಳಗಬೇಕು. ಹೆಜ್ಜೆ ತಪ್ಪಿದವನ ಬೀಸು ಎದುರಾಳಿಗಿಂತ ಮೊದಲು ಅವನ ಮೊಣಕಾಲಿಗೇ ತಗಲುವುದುಂಟು. ಸಿಟ್ಟು ಬಂದವನ ಹೆಜ್ಜೆಯಂತೂ ತಪ್ಪಿಯೇ ತಪ್ಪುತ್ತದೆ. ಮೇಲಿನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಇನ್ನರ್ಧ ದೊರೆಗಳ ಕಡೆಯಿಂದ ಬಂತು. ದೇಹವನ್ನು ಗಟ್ಟಿಮಾಡಿಕೊಳ್ಳುವುದೂ ದೇವರ ಸೇವೆಯೇ ಎಂಬ ವಿಚಾರ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಲವಾಗಿತ್ತು. ಅದೇ ಹಾದಿಯಲ್ಲಿ ವೈ.ಎಂ.ಸಿ.ಎ. ಬೆಳೆಯಿತು; 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಬಕ್ ಅದರ ದೈಹಿಕ ಶಿಕ್ಷಣ ಶಾಲೆ ತೆರೆದರು. ಸ್ಕೌಟ್ ಚಳವಳಿ ಬೆಂಗಳೂರಿಗೆ ಬಂದದ್ದು 1909ರಲ್ಲಿ, ಕ್ಯಾಪ್ಟನ್ ಟಿ.ಎಚ್. ಬೇಕರ್ ಮೂಲಕ. ಆಗ ಅದು ಬಿಳಿಯರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗಷ್ಟೇ. ಕೂಲಿಯ ಮಗನಿಗೆ ಪ್ರವೇಶವಿರಲಿಲ್ಲ.

ತಮಾಷೆಯೆಂದರೆ, ಸ್ಕೌಟ್ ಹುಡುಗನ ಕೈಯಲ್ಲಿದ್ದುದೂ ಕೋಲೇ. ಹೊಳೆಯ ಆಳ ನೋಡಲು, ಪೊದೆ ಸರಿಸಲು, ಗುಡ್ಡ ಹತ್ತಲು ಅದೇ ಆಸರೆ. ಎರಡು ಕೋಲುಗಳನ್ನು ಗುಂಡಿ ಹಾಕಿದ ಎರಡು ಅಂಗಿಗಳ ತೋಳುಗಳಲ್ಲಿ ತೂರಿಸಿದರೆ ಗಾಯಾಳುವನ್ನು ಹೊರುವ ಸ್ಟ್ರೆಚರ್ ಸಿದ್ಧ. ಅವನು ಮಾಡುವ ಪ್ರತಿಜ್ಞೆಯಲ್ಲಿ ಮೊದಲ ಕರ್ತವ್ಯ ದೇವರಿಗೆ.

ಗಾಯಾಳುವನ್ನು ಹೊರುವುದೆಂದರೇನೆಂದು ಗಣಿಯ ಊರಿಗೆ ಹೇಳಿಕೊಡಬೇಕಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಷ್ಟು ಕೆಳಗೆ ಬಂಡೆ ತಾನಾಗಿ ಸಿಡಿಯುತ್ತಿತ್ತು. ಇಳಿದವನು ಪಾಳಿ ಮುಗಿಸಿ ಮೇಲೆ ಬಂದೇ ಬರುವನೆಂಬ ಖಾತರಿಯಿರಲಿಲ್ಲ. ಅಲ್ಲಿನ ವಿಜಯಮಾತೆಯ ಚರ್ಚಿನಲ್ಲಿ ಮೊಣಕಾಲೂರಿದ ಹೆಂಗಸರಿಗೆ ಪ್ರಾರ್ಥನೆ ಭಾನುವಾರದ ರೂಢಿ ಮಾತ್ರವಾಗಿರಲು ಸಾಧ್ಯವೇ? ಬೈಬಲಿನ ದಾವೀದ ಗೊಲ್ಯಾತನ ಮುಂದೆ ನಿಂತಾಗ ಅರಸನ ಕವಚ ಬಿಟ್ಟು ಕುರಿ ಕಾಯುವ ಕೋಲು, ಕವಣೆ ಹಿಡಿದು ಹೋದನು. ಕೂಲಿಯವನಿಗೆ ಈ ಕಥೆ ಹತ್ತಿರದ್ದೆನಿಸಿದರೆ ಆಶ್ಚರ್ಯವಿಲ್ಲ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅಲ್ಲಿಂದೀಚೆಗೆ ಊರಿನ ದುಡಿಮೆ ರೈಲು ಹತ್ತಿದೆ. ಬೆಳಕು ಹರಿಯುವ ಮುನ್ನ ಮಾರಿಕುಪ್ಪಂನಿಂದ ಹೊರಟು, ಬಂಗಾರಪೇಟೆ ಹಾದು ಬೆಂಗಳೂರು ಸೇರುವವನು ಮನೆಗೆ ಬರುವುದು ಕತ್ತಲಾದ ಮೇಲೆ. ಅವನಿಗೆ ತಾಲೀಮಿಗೆ ಹೊತ್ತೆಲ್ಲಿ? ಮಕ್ಕಳನ್ನು ಬಯಲಿಗೆ ಕರೆದೊಯ್ಯೋಣವೆಂದರೆ ಊರೊಳಗೆ ಸೈನೈಡ್ ದಿಬ್ಬಗಳ ದೂಳು.

ಕಿಕ್ಕಿರಿದ ಬೋಗಿಯಲ್ಲಿ ಹಣೆಯೆತ್ತರದ ಬಿದಿರು ಹಿಡಿದು ನಿಲ್ಲಲಾಗದು, ನಿಜ. ಆದರೆ ಹೆಜ್ಜೆಗೆ ಬಿದಿರು ಬೇಡ. ಬೆಳಗಿನ ಪ್ರಾರ್ಥನೆಗೂ ರೈಲಿಗೂ ನಡುವೆ ಕಾಲು ಗಂಟೆ, ಲೈನ್ ಮನೆಯ ಮುಂದೆ ನಾಲ್ಕು ಗಜ ನೆಲ ಇದ್ದರೆ ಆಯಿತು.