ಮೊದಲ ಹೈಬ್ರಿಡ್ ಸೈಕಲ್: ಕೊಳ್ಳುವ ಮುನ್ನ ಮನೆಯ ಚಡಾವು ನೋಡಿ

ಹೈಬ್ರಿಡ್ ಎಂದ ಕೂಡಲೇ ನಮ್ಮ ಕೃಷಿಕ ಬಂಧುಗಳಿಗೆ ನೆನಪಾಗುವುದು ತೆಂಗಿನ ಸಸಿ. ಎತ್ತರದ ತಳಿಯನ್ನೂ ಗಿಡ್ಡ ತಳಿಯನ್ನೂ ಕೂಡಿಸಿ ಸಂಕರ ತೆಂಗು ಪಡೆಯುವ ಪ್ರಯೋಗ 1930ರ ದಶಕದಲ್ಲಿ ನಡೆದದ್ದು ಇಂದಿನ ನಮ್ಮ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲೇ. ಸೈಕಲ್ ಅಂಗಡಿಯವರು ಹೇಳುವ ಹೈಬ್ರಿಡ್ ಕೂಡ ಅಂಥದ್ದೇ ಒಂದು ಸಂಕರ. ಡಾಮರು ರಸ್ತೆಯಲ್ಲಿ ವೇಗವಾಗಿ ಓಡುವ ಸಪೂರ ಟಯರಿನ ರೋಡ್ ಸೈಕಲ್ ಒಂದು ತಳಿ. ಕಲ್ಲುಮಣ್ಣಿನ ದಾರಿಗೆಂದು ಮಾಡಿದ ದಪ್ಪ ಟಯರಿನ ಮೌಂಟನ್ ಸೈಕಲ್ ಇನ್ನೊಂದು. ದೊಡ್ಡ ಚಕ್ರವನ್ನೂ ಹಗುರವಾದ ಓಟವನ್ನೂ ಮೊದಲನೆಯದರಿಂದ, ನೇರವಾದ ಹ್ಯಾಂಡಲನ್ನೂ ಚಡಾವು ಹತ್ತುವ ಗಿಯರುಗಳನ್ನೂ ಎರಡನೆಯದರಿಂದ ತೆಗೆದುಕೊಂಡು ಹುಟ್ಟಿದ್ದು ಈ ಮೂರನೆಯದು. ಬೆನ್ನು ತೀರ ಬಗ್ಗಿಸಬೇಕಾಗಿಲ್ಲ, ಹಾಳಾದ ರಸ್ತೆಗೂ ಹೆದರಬೇಕಾಗಿಲ್ಲ. ವ್ಯಾಯಾಮಕ್ಕೂ ಸಂಜೆಯ ಸುತ್ತಾಟಕ್ಕೂ ಮೊದಲ ಸಲ ಸೈಕಲ್ ಕೊಳ್ಳುವವರಿಗೆ ಒಪ್ಪುವ ವಾಹನ.

ಕೃಷಿಕರಿಗೆ ಬೇರೆ ವ್ಯಾಯಾಮವೇಕೆ ಎಂದು ಕೇಳುವವರಿದ್ದಾರೆ. ಹಿಂದಿನವರ ಮಟ್ಟಿಗೆ ಆ ಪ್ರಶ್ನೆ ಸರಿಯೇ. ಆದರೆ ಇಂದು ಹುಲ್ಲು ಕತ್ತರಿಸಲು ಯಂತ್ರ ಬಂದಿದೆ, ಔಷಧಿ ಬಿಡಲೂ ಕೊನೆ ಕೊಯ್ಯಲೂ ಫೈಬರ್ ದೋಟಿ ಬಂದಿದೆ, ತೋಟಕ್ಕೆ ನೀರು ಬಿಡಲು ಸ್ವಿಚ್ಚು ಒತ್ತಿದರೆ ಸಾಕು. ಅಂಗಡಿಗೆ ಹೋಗಿ ಹಾಲು ತರಲೂ ಸ್ಕೂಟರ್ ಬೇಕು. ಹೀಗಾಗಿ ನಲುವತ್ತು ದಾಟಿದ ಅನೇಕ ತೋಟದ ಯಜಮಾನರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಮನೆಮಾಡಿವೆ. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ನಡೆಯಿರಿ ಎನ್ನುತ್ತಾರೆ ವೈದ್ಯರು, ಮೊಣಗಂಟು ಬಿಡುವುದಿಲ್ಲ. ಸೈಕಲಿನಲ್ಲಿ ದೇಹದ ಭಾರದ ಹೆಚ್ಚಿನ ಪಾಲು ಸೀಟಿನ ಮೇಲೆ ಬೀಳುವುದರಿಂದ ಮೊಣಗಂಟಿಗೆ ಹೊರೆ ಕಡಿಮೆ. ಹೀಗೆಂದು ಕೇಳಿ ಉತ್ಸಾಹದಿಂದ ಕೊಂಡು ತಂದ ಸೈಕಲು ಎರಡೇ ತಿಂಗಳಲ್ಲಿ ಹಟ್ಟಿಯ ಮೂಲೆ ಸೇರಿ, ಹ್ಯಾಂಡಲಿನ ಮೇಲೆ ಒದ್ದೆ ಬಟ್ಟೆ ಒಣಗುವುದನ್ನೂ ನಾವು ಕಾಣುತ್ತೇವೆ. ಇದಕ್ಕೆ ಸೋಮಾರಿತನವೇ ಕಾರಣವೆಂದು ನಾನು ಒಪ್ಪುವುದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಆರಿಸಿದ ಸೈಕಲೇ ನಮ್ಮ ನೆಲಕ್ಕೆ ಸರಿಹೊಂದುವುದಿಲ್ಲ.

ನಮ್ಮ ಮನೆಗಳು ಇರುವ ಜಾಗವನ್ನು ಒಮ್ಮೆ ನೆನಪಿಸಿಕೊಳ್ಳಿ. ತೋಡಿನ ಬದಿಯಲ್ಲಿ ಅಡಿಕೆ ತೋಟ, ತೋಟದ ತಲೆಯಲ್ಲಿ ಮನೆ, ಅಲ್ಲಿಂದ ಮುರಕಲ್ಲಿನ ಗುಡ್ಡೆ ಹತ್ತಿದರೆ ಮೇಲೆ ಬಸ್ಸು ಹೋಗುವ ರಸ್ತೆ. ಕುಂಬಳೆಯಿಂದ ಸೀತಾಂಗೋಳಿ, ನೀರ್ಚಾಲು ಮಾರ್ಗವಾಗಿ ಬದಿಯಡ್ಕಕ್ಕೆ ಹೋಗುವ ರಸ್ತೆಯ ಎರಡೂ ಕಡೆ ಇಂಥ ಮನೆಗಳೇ. ಬಯಲುಸೀಮೆಯವರು ಸಮತಟ್ಟು ದಾರಿಯಲ್ಲಿ ಹತ್ತು ನಿಮಿಷ ತುಳಿದು ಮೈ ಬಿಸಿಯಾದ ಮೇಲೆ ಏರು ಕಾಣುತ್ತಾರೆ. ನಮಗೆ ಅಂಗಳ ದಾಟಿದ ಕೂಡಲೇ ಚಡಾವು! ನಿದ್ದೆಯಿಂದ ಎದ್ದ ಮೈಯಲ್ಲಿ, ತಣ್ಣಗಿರುವ ಮೊಣಗಂಟಿನಲ್ಲಿ ಅದನ್ನು ಹತ್ತಬೇಕು. ಮೊದಲ ಮೂರು ದಿನ ಎದ್ದು ನಿಂತು ತುಳಿಯುತ್ತೇವೆ, ನಾಲ್ಕನೆಯ ದಿನ ಇಳಿದು ತಳ್ಳುತ್ತೇವೆ, ಎಂಟನೆಯ ದಿನ ಸೈಕಲ್ ಬೇಡವೆನಿಸುತ್ತದೆ. ಆದುದರಿಂದ ಅಂಗಡಿಗೆ ಹೋದಾಗ ಮೊದಲು ಕೇಳಬೇಕಾದದ್ದು ಬಣ್ಣವನ್ನಲ್ಲ, ಅತಿ ಹಗುರವಾದ ಗಿಯರ್ ಯಾವುದು ಎಂಬುದನ್ನು.

"21 ಗಿಯರ್ ಉಂಟು" ಎನ್ನುತ್ತಾರೆ ಅಂಗಡಿಯವರು. ಸಂಖ್ಯೆಗೆ ಮರುಳಾಗಬೇಡಿ. ಪೆಡಲಿನ ಬಳಿ ಇರುವ ಹಲ್ಲಿನ ಚಕ್ರಗಳಲ್ಲಿ ಅತಿ ಚಿಕ್ಕದಕ್ಕೆ ಎಷ್ಟು ಹಲ್ಲು, ಹಿಂದಿನ ಚಕ್ರದ ಗೊಂಚಲಿನಲ್ಲಿ ಅತಿ ದೊಡ್ಡದಕ್ಕೆ ಎಷ್ಟು ಹಲ್ಲು ಎಂದು ಬೆರಳಿಟ್ಟು ಎಣಿಸಿ. ಮುಂದೆ 28, ಹಿಂದೆ 34 ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲು ಸುಮಾರು 1.8 ಮೀಟರ್ ಮುಂದೆ ಹೋಗುತ್ತದೆ. ಅಜ್ಜನ ಕಾಲದ ಕಪ್ಪು ಸೈಕಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲು ಇದ್ದರೆ ಅದೇ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್. ಅಂದರೆ ಹೊಸದರಲ್ಲಿ ಪ್ರತಿ ತುಳಿತಕ್ಕೆ ಮೂರನೆಯ ಒಂದು ಪಾಲು ಬಲ ಸಾಕು. ನಿಧಾನವಾಗಿಯಾದರೂ ಕುಳಿತುಕೊಂಡೇ ಹತ್ತಬಹುದು. ಹಿಂದಿನ ಅತಿ ದೊಡ್ಡದಕ್ಕೆ 28 ಹಲ್ಲೇ ಇದ್ದರೆ 21 ಗಿಯರಿನ ಸೈಕಲೂ ನಮ್ಮ ಚಡಾವಿನಲ್ಲಿ ಏದುಸಿರು ಬಿಡಿಸುತ್ತದೆ. ಮುಂದೆ ಒಂದೇ ಹಲ್ಲಿನ ಚಕ್ರವಿದ್ದು ಹಿಂದೆ ಎಂಟೋ ಒಂಬತ್ತೋ ಇರುವ ಮಾದರಿಗಳು ಈಗ ಹೆಚ್ಚು ಬರುತ್ತಿವೆ. ಬದಲಾಯಿಸುವುದು ಸುಲಭ, ಕೆಡುವುದು ಕಡಿಮೆ. ಆದರೆ ಅವುಗಳಲ್ಲೂ ಹಿಂದಿನ ದೊಡ್ಡದು ಮುಂದಿನದಕ್ಕಿಂತ ಚಿಕ್ಕದಾಗಿರಬಾರದು. ಗಿಯರೇ ಇಲ್ಲದ ಸಿಂಗಲ್ ಸ್ಪೀಡ್ ಹೈಬ್ರಿಡ್ ನೋಡಲು ಚೆಂದ, ಬೆಲೆಯೂ ಕಡಿಮೆ. ಅದು ಸಮತಟ್ಟು ಪೇಟೆಯವರಿಗಿರಲಿ.

ಹತ್ತಿದ್ದನ್ನು ಇಳಿಯಲೂ ಬೇಕಲ್ಲವೇ? ಸವಾರಿಯ ಕೊನೆಯಲ್ಲಿ, ಕಾಲು ದಣಿದಿರುವಾಗ, ಪಾಚಿ ಹಿಡಿದ ಕಾಂಕ್ರೀಟಿನ ಮೇಲೆ ಮನೆಯ ಕಡೆಗೆ ಇಳಿಯಬೇಕು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರಿದು. ರಿಮ್ಮನ್ನು ರಬ್ಬರಿನಿಂದ ಹಿಡಿಯುವ ವಿ-ಬ್ರೇಕ್ ಒಣ ರಸ್ತೆಯಲ್ಲಿ ಚೆನ್ನಾಗಿಯೇ ನಿಲ್ಲಿಸುತ್ತದೆ. ಆದರೆ ಒದ್ದೆಯಾದಾಗ ಹಿಡಿತ ತಡವಾಗುತ್ತದೆ, ಮುರಮಣ್ಣಿನ ಹರಳು ಸಿಕ್ಕಿ ರಿಮ್ಮು ಸವೆಯುತ್ತದೆ. ನಮಗೆ ಡಿಸ್ಕ್ ಬ್ರೇಕ್ ಒಳ್ಳೆಯದು. ಅದರಲ್ಲಿ ಎರಡು ವಿಧ. ಕೇಬಲಿನದ್ದನ್ನು ಯಾವ ಸೈಕಲ್ ರಿಪೇರಿಯವರೂ ಬಿಗಿ ಮಾಡಿಕೊಡಬಲ್ಲರು. ಎಣ್ಣೆಯ ಹೈಡ್ರಾಲಿಕ್ ಬ್ರೇಕ್ ಇನ್ನೂ ಮೃದು, ಇನ್ನೂ ಬಲಶಾಲಿ. ಆದರೆ ಅದು ಕೆಟ್ಟರೆ ಮಂಗಳೂರಿಗೆ ಒಯ್ಯಬೇಕಾದೀತು. ಮುಖ್ಯವಾದ ಒಂದು ಎಚ್ಚರಿಕೆ: ಕೆಲವು ಸೈಕಲ್ ಬ್ರೇಕುಗಳು ಮಿನರಲ್ ಆಯಿಲ್‌ನಿಂದ ಕೆಲಸ ಮಾಡುತ್ತವೆ. ಬೈಕು, ಕಾರುಗಳ ಬ್ರೇಕ್ ಎಣ್ಣೆಯನ್ನು ಅದಕ್ಕೆ ಹಾಕಿದರೆ ಒಳಗಿನ ರಬ್ಬರು ಹಾಳಾಗಿ ಬ್ರೇಕು ಕೈಕೊಡುತ್ತದೆ. ಮೊದಲ ಸೈಕಲಿಗೆ ಕೇಬಲಿನ ಡಿಸ್ಕ್ ಸಾಕೆಂಬುದು ನನ್ನ ಅಭಿಪ್ರಾಯ.

ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗ್ ಇರುವ ಸಸ್ಪೆನ್ಷನ್ ಬೇಕೆಂದು ಮಕ್ಕಳು ಹಟ ಹಿಡಿಯುತ್ತಾರೆ. ಕಡಿಮೆ ಬೆಲೆಯ ಸೈಕಲುಗಳಲ್ಲಿ ಅದು ಒಂದು ಕಿಲೋಗಿಂತಲೂ ಹೆಚ್ಚು ತೂಕ ಕೂಡಿಸುತ್ತದೆ, ಹತ್ತುವಾಗ ಕುಪ್ಪಳಿಸಿ ನಿಮ್ಮ ಬಲವನ್ನು ತಿನ್ನುತ್ತದೆ, ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು ಬಿಗಿಯುತ್ತದೆ. ಆ ಹಣವನ್ನು ಒಳ್ಳೆಯ ಟಯರಿಗೆ ಹಾಕಿ. 38ರಿಂದ 42 ಮಿಲಿಮೀಟರ್ ಅಗಲದ ಟಯರು ನಮ್ಮ ಹೊಂಡಗಳಿಗೆ ಸಾಕಾಗುವ ಸಸ್ಪೆನ್ಷನ್.

ಟಯರಿನ ವಿಷಯದಲ್ಲಿ ಅನೇಕರು ಮೋಸ ಹೋಗುತ್ತಾರೆ. ಅಜ್ಜನ ಸೈಕಲಿನದ್ದೂ 28 ಇಂಚು, ಹೈಬ್ರಿಡ್‌ನದ್ದೂ 28 ಇಂಚು ಎಂದು ಬಾಯಿಮಾತಿನಲ್ಲಿ ಹೇಳುತ್ತಾರೆ. ಎರಡೂ ಬೇರೆ. ಟಯರಿನ ಬದಿಯಲ್ಲಿ ಅಚ್ಚಾದ ಅಂಕಿ ನೋಡಿ: ಹಳೆಯ ಸೈಕಲಿನದ್ದು 635, ಹೈಬ್ರಿಡ್‌ನದ್ದು 622. ಒಂದಕ್ಕೆ ತಂದದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಗಾಳಿ ಹಾಕುವ ವಾಲ್ವನ್ನೂ ಕೊಳ್ಳುವಾಗಲೇ ನೋಡಿ. ಸ್ಕೂಟರಿನಲ್ಲಿರುವಂಥ ದಪ್ಪ ವಾಲ್ವ್ ಇದ್ದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ತುದಿಯಲ್ಲಿ ತಿರುಪು ಇರುವ ಸಪೂರ ವಾಲ್ವ್ ಇದ್ದರೆ ಹಿತ್ತಾಳೆಯ ಚಿಕ್ಕ ಅಡಾಪ್ಟರ್ ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಎಷ್ಟು ಗಾಳಿ ಎಂಬುದೂ ಟಯರಿನ ಮೇಲೆಯೇ ಬರೆದಿರುತ್ತದೆ. ಸ್ಕೂಟರಿನ ಅಂದಾಜಿನಲ್ಲಿ ಹಾಕಿದರೆ ಕಡಿಮೆಯಾಗಿ ಹೊಂಡಕ್ಕೆ ಬಿದ್ದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ತೂತಾಗುತ್ತದೆ.

ಇನ್ನು ಅಳತೆ. ಅಂಗಿಯಂತೆ ಸೈಕಲಿಗೂ ಅಳತೆಯಿದೆ. ಅಣ್ಣನಿಗೆ ಕೊಂಡದ್ದು ತಮ್ಮನಿಗೆ ಆಗಲೇಬೇಕೆಂದಿಲ್ಲ. ಚಪ್ಪಲಿ ಹಾಕಿ ಬಾರಿನ ಮೇಲೆ ಕಾಲು ಅಗಲಿಸಿ ನಿಲ್ಲಿ. ಬಾರಿಗೂ ನಿಮಗೂ ನಡುವೆ ಒಂದೆರಡು ಇಂಚು ಜಾಗ ಇರಲೇಬೇಕು. ಸೀಟಿನ ಎತ್ತರಕ್ಕೆ ಹೀಗೆ ಮಾಡಿ: ಕುಳಿತು, ಪೆಡಲನ್ನು ತೀರ ಕೆಳಗೆ ತಂದು ಹಿಮ್ಮಡಿ ಇಡಿ, ಆಗ ಕಾಲು ನೆಟ್ಟಗಾಗಬೇಕು. ಮುಂಗಾಲಿನಿಂದ ತುಳಿಯುವಾಗ ಮೊಣಗಂಟು ಸ್ವಲ್ಪ ಮಡಚಿರುತ್ತದೆ, ಅದೇ ಸರಿ. ನಮ್ಮವರು ಕುಳಿತಲ್ಲಿಂದಲೇ ಎರಡೂ ಪಾದ ನೆಲಕ್ಕೆ ತಾಗಬೇಕೆಂದು ಸೀಟನ್ನು ಇಳಿಸುತ್ತಾರೆ. ಮೊಣಗಂಟಿನ ನೋವಿಗೆ ಇದು ದೊಡ್ಡ ಕಾರಣ. ನಿಲ್ಲಿಸುವಾಗ ಸೀಟಿನಿಂದ ಮುಂದೆ ಇಳಿದು ನಿಲ್ಲುವುದನ್ನು ಅಭ್ಯಾಸ ಮಾಡಿಕೊಳ್ಳಿ, ವಾರದಲ್ಲಿ ಬರುತ್ತದೆ. ಹೆಂಗಸರಿಗೆ, ಮತ್ತು ಕಾಲು ಎತ್ತಿ ದಾಟಿಸಲು ಕಷ್ಟಪಡುವ ಹಿರಿಯರಿಗೆ ಸಹ, ಬಾರು ಕೆಳಗೆ ಬಾಗಿರುವ ಹೈಬ್ರಿಡ್‌ಗಳು ಸಿಗುತ್ತವೆ. ಮನೆಯ ತಾಯಂದಿರಿಗೆ ವ್ಯಾಯಾಮ ಬೇಡವೆಂದು ಯಾರು ಹೇಳಿದರು?

ಬೆಲೆಯ ಮಾತು. ಗಿಯರೂ ಡಿಸ್ಕ್ ಬ್ರೇಕೂ ಇರುವ ಸಾಧಾರಣ ಹೈಬ್ರಿಡ್ ಸುಮಾರು 15,000ದಿಂದ 25,000 ರೂಪಾಯಿಯೊಳಗೆ ಬರುತ್ತದೆ. ಹೆಲ್ಮೆಟ್, ಮುಂದಿನ ಹಿಂದಿನ ದೀಪ, ಪಂಪು, ಬೀಗ, ಪೂರ್ತಿ ಉದ್ದದ ಮಡ್‌ಗಾರ್ಡ್ ಇವಕ್ಕೆ ಬೇರೆ ಮೂರು ಸಾವಿರ ತೆಗೆದಿಡಿ. ಸೈಕಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರಿನಲ್ಲಿ ಶೇಕಡ 12ರಿಂದ 5ಕ್ಕೆ ಇಳಿದಿದೆ; ಬಿಲ್ಲಿನಲ್ಲಿ ಅದನ್ನು ನೋಡಿ. ಮೊಬೈಲಿನಲ್ಲಿ ತರಿಸಿದರೆ ಒಂದೆರಡು ಸಾವಿರ ಉಳಿಯಬಹುದು, ಆದರೆ ಪೆಟ್ಟಿಗೆಯಲ್ಲಿ ಅರ್ಧಂಬರ್ಧ ಜೋಡಿಸಿದ ಸೈಕಲ್ ಬರುತ್ತದೆ. ಫೋರ್ಕನ್ನು ಹಿಂದುಮುಂದಾಗಿ ಕೂರಿಸಿ ಓಡಿಸುವವರನ್ನೂ ಕಂಡಿದ್ದೇನೆ. ಜೋಡಿಸಲು ತಿಳಿದ ಅಂಗಡಿಯಿಂದ, ತುಳಿದು ನೋಡಿ ಕೊಳ್ಳುವುದೇ ಲೇಸು.

ಹಳೆಯದನ್ನು ಕೊಂಡರೂ ತಪ್ಪಿಲ್ಲ. 2020ರ ಕೊರೋನಾ ಕಾಲದಲ್ಲಿ ಪೇಟೆಯವರು ಮುಗಿಬಿದ್ದು ಕೊಂಡ ಸೈಕಲುಗಳಲ್ಲಿ ಹೆಚ್ಚು ಓಡದವು ಈಗಲೂ ಅರ್ಧ ಬೆಲೆಗೆ ಸಿಗುತ್ತವೆ. ಚೈನಿನ ಮೇಲೆ ಸ್ಕೇಲು ಇಟ್ಟು ನೋಡಿ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಎಣಿಸಿದರೆ ಇಪ್ಪತ್ತನಾಲ್ಕನೆಯ ಕೊಂಡಿಯ ಕೊನೆಯ ಪಿನ್ನಿಗೆ ಸರಿಯಾಗಿ 12 ಇಂಚು. ಅದು ಇಂಚಿನ ಎಂಟನೆಯ ಒಂದು ಪಾಲು ಮುಂದೆ ಹೋಗಿದ್ದರೆ ಚೈನು ಸವೆದಿದೆ, ಹಲ್ಲಿನ ಚಕ್ರಗಳೂ ಸವೆದಿರಬಹುದು. ಬೆಲೆ ಇಳಿಸಲು ಕೇಳಿ. ಫ್ರೇಮಿನ ಬೆಸುಗೆಯ ಬಳಿ ಬಿರುಕು ಕಂಡರೆ ಧರ್ಮಕ್ಕೆ ಕೊಟ್ಟರೂ ಬೇಡ.

ಎದೆನೋವು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೊರಡಬಾರದು. ಜೇಬಿನಲ್ಲಿ ಗ್ಲೂಕೋಸೋ ಸಕ್ಕರೆಯೋ ಇರಲಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಶ್ರಮ ಸಾಕು. ಮೊದಲ ಎರಡು ವಾರ ದಿನಕ್ಕೆ ಹದಿನೈದು ನಿಮಿಷ. ಮೊದಲ ಚಡಾವನ್ನು ತಳ್ಳಿಕೊಂಡೇ ಹತ್ತಿ ಮೇಲೆ ಹೋಗಿ ಹತ್ತಿ ಕುಳಿತರೂ ಅವಮಾನವೇನಿಲ್ಲ, ಮೈ ಬಿಸಿಯಾಗುತ್ತದೆ. ಆರು ಪಥಗಳ ರಾಷ್ಟ್ರೀಯ ಹೆದ್ದಾರಿ 66ರ ಮುಖ್ಯ ಪಥಕ್ಕೆ ಸೈಕಲ್ ಒಯ್ಯಲೇಬೇಡಿ. ಸರ್ವಿಸ್ ರಸ್ತೆಯಲ್ಲೂ ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ಬೈಕುಗಳಿವೆ. ಒಳಗಿನ ಪಂಚಾಯತ್ ರಸ್ತೆಗಳೇ ನಮ್ಮ ಸವಾರಿಗೆ ತಕ್ಕವು.

ಕೊಂಡ ಒಂದು ತಿಂಗಳಿಗೆ ಸೈಕಲನ್ನು ಅದೇ ಅಂಗಡಿಗೆ ಒಯ್ಯಿರಿ. ಹೊಸ ಕೇಬಲು ಸಡಿಲವಾಗುತ್ತದೆ, ಚಕ್ರದ ಕಡ್ಡಿಗಳೂ ಸ್ವಲ್ಪ ಸಡಿಲುತ್ತವೆ. ಮೊದಲ ಸರ್ವಿಸನ್ನು ಹೆಚ್ಚಿನವರು ಹಣ ಕೇಳದೆ ಮಾಡಿಕೊಡುತ್ತಾರೆ. ಮಂಜೇಶ್ವರ, ಉಪ್ಪಳದಂತಹ ಕಡಲ ಬದಿಯವರು ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸಬೇಕು. ಚೈನಿಗೆ ತೆಂಗಿನೆಣ್ಣೆ ಹಾಕಬೇಡಿ, ಅಂಟಾಗುತ್ತದೆ. ಟಿಲ್ಲರಿನಿಂದ ತೆಗೆದ ಕರಿ ಆಯಿಲೂ ಬೇಡ, ಅದರಲ್ಲಿರುವ ಲೋಹದ ಪುಡಿ ಚೈನನ್ನು ತಿನ್ನುತ್ತದೆ. ಸೈಕಲ್ ಚೈನಿನದ್ದೇ ಚಿಕ್ಕ ಬಾಟಲಿ ತಂದು, ಪ್ರತಿ ಕೊಂಡಿಗೆ ಒಂದು ಹನಿ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಗೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ. ಡಿಸ್ಕಿನ ತಗಡಿಗೆ ಮಾತ್ರ ಒಂದು ಹನಿಯೂ ತಾಗಬಾರದು.