ಎತ್ತಿದ ಎಂಜಿನ್ ಕೆಳಗೆ ಕೈ ಹಾಕುವ ಮುನ್ನ

ಪಾಸ್ಕಲ್ ನಿಯಮವನ್ನು ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಅದು ನಿಜವಾಗಿ ಅರ್ಥವಾದದ್ದು ಮಲ್ಪೆಯ ಒಂದು ರಿಪೇರಿ ಶೆಡ್ಡಿನಲ್ಲಿ.

ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಪ್ರವಾಸಿ ದೋಣಿಗಳು ನಿಲ್ಲುತ್ತವೆ. ಸ್ಪೀಡ್ ಬೋಟುಗಳ ಔಟ್‌ಬೋರ್ಡ್ ಎಂಜಿನ್‌ಗಳು ಸರ್ವಿಸಿಗೆ ಬರುವುದು ಆಗಲೇ. ರಜೆಯಲ್ಲಿ ಕೆಲಸ ಕಲಿಯಲೆಂದು ನಾನೂ ಹೋಗಿದ್ದೆ.

ದೋಣಿಯ ಹಿಂಬದಿಗೆ ಕೂರಿಸುವ ಈ ಎಂಜಿನ್ ಗುಂಡಿ ಒತ್ತಿದರೆ ಮೇಲೇಳುತ್ತದೆ. ಓಡುವಾಗ ಅದರ ಕೋನವನ್ನು ತುಸು ಬದಲಿಸಿ ದೋಣಿಯ ಮೂತಿಯನ್ನು ಹದಕ್ಕೆ ತರುವುದು ಟ್ರಿಮ್. ದಡದಲ್ಲಿ ಪ್ರೊಪೆಲ್ಲರ್ ನೆಲಕ್ಕೆ ತಾಗದಂತೆ ಪೂರ್ತಿ ಎತ್ತುವುದು ಟಿಲ್ಟ್. ಎರಡನ್ನೂ ಮಾಡುವುದು ಬ್ಯಾಟರಿಯ ಪಂಪು ಮತ್ತು ಹೈಡ್ರಾಲಿಕ್ ಎಣ್ಣೆ.

ಒಂದು ದಿನ ಎತ್ತಿ ನಿಲ್ಲಿಸಿದ್ದ ಎಂಜಿನ್ ಕೆಳಗೆ ಎಣ್ಣೆ ಜಿನುಗಿತ್ತು. ನಾನು ಬಗ್ಗಿ, ಬ್ರಾಕೆಟ್ ಬದಿಯ ಸ್ಕ್ರೂಗೆ ಸ್ಕ್ರೂಡ್ರೈವರ್ ಇಟ್ಟೆ.

“ಎಂತ ಮಾಡ್ತಿ ಮಾರಾಯ!” ಮೆಕ್ಯಾನಿಕ್ ಅಣ್ಣ ಭುಜ ಹಿಡಿದು ಹಿಂದಕ್ಕೆಳೆದರು. “ಈ ಎಂಜಿನನ್ನು ಈಗ ಎತ್ತಿ ಹಿಡಿದದ್ದು ಯಾವುದು ಹೇಳು?”

“ಸಿಲಿಂಡರ್.”

“ಅಲ್ಲ, ಅದರೊಳಗಿನ ಎಣ್ಣೆ. ನೀನು ಸಡಿಲಿಸಲಿಕ್ಕೆ ಹೊರಟದ್ದು ಆ ಎಣ್ಣೆಗೆ ದಾರಿ ಬಿಡುವ ಸ್ಕ್ರೂ.”

ಬ್ಯಾಟರಿ ಕೈಕೊಟ್ಟಾಗ ಎಂಜಿನನ್ನು ಕೈಯಿಂದಲೇ ಎತ್ತಿಳಿಸಲು ಇರುವ ವಾಲ್ವ್ ಅದು. ತಿರುಗಿಸಿದ್ದರೆ 100 ಕಿಲೋಗೂ ಹೆಚ್ಚಿನ ಭಾರ ನನ್ನ ಕೈಮೇಲೆ ಇಳಿಯುತ್ತಿತ್ತು.

ಆಮೇಲೆ ಅವರು ಕ್ರಮ ಹೇಳಿಕೊಟ್ಟರು. ಎಂಜಿನ್ ಪೂರ್ತಿ ಎತ್ತಿ ಟಿಲ್ಟ್ ಸಪೋರ್ಟ್ ಲಿವರ್ ಹಾಕಬೇಕು. ಅದನ್ನೊಂದೇ ನಂಬದೆ ಚೈನ್ ಪುಲ್ಲಿಯಿಂದಲೂ ಹಿಡಿಸಬೇಕು. ಯಾರೂ ತಪ್ಪಿ ಗುಂಡಿ ಒತ್ತಿದರೂ ಅಲುಗಾಡದಂತೆ ಬ್ಯಾಟರಿ ಸಂಪರ್ಕ ತೆಗೆಯಬೇಕು. ಎಣ್ಣೆ ಟ್ಯಾಂಕಿನ ಮುಚ್ಚಳ ಬಿಚ್ಚುವುದೂ ಎಂಜಿನ್ ಪೂರ್ತಿ ಮೇಲಿದ್ದಾಗಲೇ. ಇಳಿಸಿದ ಸ್ಥಿತಿಯಲ್ಲಿ ಬಿಚ್ಚಿದರೆ ಎಣ್ಣೆ ಚಿಮ್ಮಬಹುದು. ಕೈಪಿಡಿ ಹೇಳಿದ ಎಣ್ಣೆಯನ್ನೇ ತುಂಬಿ, ನಾಲ್ಕಾರು ಸಲ ಎತ್ತಿಳಿಸಿ ಗಾಳಿ ಹೊರಹಾಕಬೇಕು.

ರಾತ್ರಿ ಎತ್ತಿಟ್ಟ ಎಂಜಿನ್ ಬೆಳಿಗ್ಗೆ ತಾನಾಗಿ ಇಳಿದಿದ್ದರೆ ವಾಲ್ವ್ ಅಥವಾ ಸೀಲ್ ಸೋರುತ್ತಿದೆ ಎಂದರ್ಥ. ಉಪ್ಪುನೀರು ರಾಡ್ ಕೊರೆದರೆ ಆ ಒರಟು ಸೀಲನ್ನು ಹರಿಯುತ್ತದೆ. ಹಾಗಾಗಿ ಸಮುದ್ರದಿಂದ ಬಂದೊಡನೆ ಸಿಹಿನೀರಿನಲ್ಲಿ ತೊಳೆಯಬೇಕು.

ಟಿಪ್ಪರ್ ಆಗಲಿ, ಜೆಸಿಬಿ ಆಗಲಿ, ಕಾರಿನ ಜಾಕ್ ಆಗಲಿ, ಎಣ್ಣೆ ಭಾರ ಎತ್ತಲಿಕ್ಕೆ. ಹಿಡಿದು ನಿಲ್ಲಿಸಲಿಕ್ಕೆ ಕಬ್ಬಿಣವೇ ಬೇಕು. ಕೆಲಸಕ್ಕೆ ಸೇರುವ ಗೆಳೆಯರೇ, ಎತ್ತಿ ನಿಲ್ಲಿಸಿದ ಯಾವುದರ ಕೆಳಗಾದರೂ ಕೈ ಹಾಕುವ ಮುನ್ನ ಅಣ್ಣನ ಆ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಿ.