ಮೇಣದ ಹೆಸರು, ಪ್ಲಾಸ್ಟಿಕ್ ತಟ್ಟೆ

ಅಮೆರಿಕದ ಡಿಜೆಗಳು, ಹಿಪ್‌ಹಾಪ್ ಸಂಗೀತಗಾರರು, ಹಳೆಯ ರೆಕಾರ್ಡು ಕೂಡಿಡುವವರು ತಮ್ಮ ಎಲ್‌ಪಿಗಳನ್ನು ಸಲಿಗೆಯಿಂದ ‘ವ್ಯಾಕ್ಸ್’ ಎನ್ನುತ್ತಾರೆ. ವ್ಯಾಕ್ಸ್ ಎಂದರೆ ಮೇಣ. ಎಲ್‌ಪಿ ಆಗುವುದಾದರೋ ವಿನೈಲ್ ಎಂಬ ಪ್ಲಾಸ್ಟಿಕ್ಕಿನಿಂದ. ಹಾಗಾದರೆ ಮೇಣದ ಮಾತು ಎಲ್ಲಿಂದ ಬಂತು?

ಎಡಿಸನ್ 1877ರಲ್ಲಿ ದನಿ ಹಿಡಿದದ್ದು ತವರದ ತೆಳು ಹಾಳೆಯ ಮೇಲೆ. ನಾಲ್ಕಾರು ಸಲ ಕೇಳುವಷ್ಟರಲ್ಲಿ ಅದು ಹರಿದುಹೋಗುತ್ತಿತ್ತು. ಚಿಚೆಸ್ಟರ್ ಬೆಲ್ ಮತ್ತು ಚಾರ್ಲ್ಸ್ ಟೇಂಟರ್ ಹಾಳೆಯ ಬದಲು ಮೇಣ ಬಳಸಿ 1886ರಲ್ಲಿ ಪೇಟೆಂಟ್ ಪಡೆದರು. ಬಳಿಕ ಜನ ಅಂಗಡಿಯಿಂದ ಕೊಂಡು ತಂದ, ಹಾಡು ಮುದ್ರಿಸಿದ ಸಿಲಿಂಡರುಗಳೂ ಮೇಣದವೇ.

ಚಪ್ಪಟೆ ತಟ್ಟೆಯ ಕಾಲ ಬಂದಾಗ ಮೇಣ ಅಂಗಡಿಯಿಂದ ಮರೆಯಾಯಿತು, ಸ್ಟುಡಿಯೋದಲ್ಲಿ ಮಾತ್ರ ಉಳಿಯಿತು. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಸೊಗಸಾಗಿ ಕಾಣುವ ಭಾಗ ಇದು. ದಪ್ಪನೆಯ ಮೇಣದ ಬಿಲ್ಲೆಯನ್ನು ಹೆರೆದು ಕನ್ನಡಿಯಂತೆ ನುಣುಪು ಮಾಡಿ, ಹದವಾಗಿ ಬೆಚ್ಚಗಾಗಿಸಿ, ತಿರುಗುವ ಯಂತ್ರದ ಮೇಲೆ ಇಡುತ್ತಿದ್ದರು. ಹಾಡುಗಾರರು ದೊಡ್ಡ ಕಹಳೆಯ ಬಾಯಿಗೆ ಹಾಡುತ್ತಿದ್ದರು. ದನಿಯ ಅದುರು ಸೂಜಿಗೆ ತಲುಪಿ, ಸೂಜಿ ಮೇಣದಲ್ಲಿ ಸುರುಳಿ ಗೀರು ಕೊರೆಯುತ್ತಿತ್ತು. ಹಾಡಿದ್ದು ಹೇಗೆ ಬಂತೆಂದು ಕೇಳಿನೋಡುವ ಹಾಗಿರಲಿಲ್ಲ, ಕೇಳಿದರೆ ಆ ಮೆತ್ತನೆಯ ಗೀರೇ ಕೆಡುತ್ತಿತ್ತು. ಕೊರೆದ ಮೇಣಕ್ಕೆ ವಿದ್ಯುತ್ ಹರಿಯುವಂತೆ ಗ್ರಾಫೈಟ್ ಪುಡಿ ಸವರಿ, ತಾಮ್ರದ ಲೇಪ ಬೆಳೆಸಿ, ಆ ಲೋಹವನ್ನು ಬಿಡಿಸಿ ತೆಗೆದರೆ ತಟ್ಟೆಗಳಿಗೆ ಅಚ್ಚು ಸಿದ್ಧ. 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ್ದು ಮೇಣದ ಮೇಲೆಯೇ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಂಡ ಆ ಹಾಡುಗಳು ತಟ್ಟೆಗಳಾದದ್ದು ಜರ್ಮನಿಯ ಹ್ಯಾನೋವರಿನಲ್ಲಿ.

ಸಂಗೀತಗಾರನ ಮುಂದೆ ಇದ್ದದ್ದು ಮೇಣ. ಹೀಗಾಗಿ ಹಾಡನ್ನು ಮುದ್ರಿಸುವುದಕ್ಕೆ ‘ಮೇಣಕ್ಕೆ ಹಾಕುವುದು’ ಎಂಬರ್ಥದ ಮಾತು ಅಮೆರಿಕದ ಸಂಗೀತಗಾರರಲ್ಲಿ ನಿಂತಿತು. ಮುಂದೆ ಮೇಣದ ಜಾಗಕ್ಕೆ ಲ್ಯಾಕರ್ ಬಳಿದ ಅಲ್ಯೂಮಿನಿಯಂ ತಟ್ಟೆ ಬಂತು, ಆದರೆ ಮಾತು ಬದಲಾಗಲಿಲ್ಲ. ಮೋಟೌನ್ ರೆಕಾರ್ಡು ಕಂಪನಿ ಬಿಟ್ಟುಬಂದ ಗೀತರಚನೆಕಾರರಾದ ಹಾಲಂಡ್–ಡೋಜಿಯರ್–ಹಾಲಂಡ್ ಮೂವರು ತಮ್ಮ ಒಂದು ಲೇಬಲ್ಲಿಗೆ ಹಾಟ್ ವ್ಯಾಕ್ಸ್ ಎಂದೇ ಹೆಸರಿಟ್ಟರು. ಇನ್ನೊಂದು ಅಡ್ಡಹೆಸರು ‘ಪ್ಲ್ಯಾಟರ್’, ದೊಡ್ಡ ತಟ್ಟೆ. ದಿ ಪ್ಲ್ಯಾಟರ್ಸ್ ಎಂಬ ಗಾಯನತಂಡದ ಹೆಸರು ಅದರಿಂದಲೇ ಬಂದದ್ದು. ನಮ್ಮ ಹಿರಿಯರು ಗ್ರಾಮಫೋನ್ ‘ಪ್ಲೇಟು’ ಎನ್ನುತ್ತಿದ್ದುದೂ ಇದೇ ನೋಟದಿಂದ.

ಬಳಕೆಯಲ್ಲಿ ವ್ಯಾಕ್ಸ್ ಎಂಬುದು ಎಣಿಸುವ ಪದವಲ್ಲ. ‘ಎರಡು ವ್ಯಾಕ್ಸ್’ ಎಂದು ಯಾರೂ ಹೇಳುವುದಿಲ್ಲ; ‘ಒಂದಷ್ಟು ವ್ಯಾಕ್ಸ್ ಕೊಂಡೆ’, ‘ಅದು ವ್ಯಾಕ್ಸ್‌ನಲ್ಲಿ ಬಂದಿದೆ’ ಎನ್ನುವುದು ರೂಢಿ. ಗೆಳೆಯರ ನಡುವಿನ, ಡಿಜೆ ಮೇಜಿನ ಮಾತು ಅದು. ಕೊಳ್ಳುವಾಗ, ಮಾರುವಾಗ ಅದು ಸಾಲದು. ಆಗ ಎಲ್‌ಪಿಯೋ ಇಪಿಯೋ, ನಿಮಿಷಕ್ಕೆ 33⅓ ಸುತ್ತಿನ ವೇಗವೋ 45ವೋ 78ವೋ ಎಂದು ಬಿಡಿಸಿ ಹೇಳಲೇಬೇಕು.

ಏಕೆಂದರೆ ಈ ಒಂದೇ ಹೆಸರಿನಡಿ ಎರಡು ಬೇರೆ ವಸ್ತುಗಳಿವೆ. 78ರ ತಟ್ಟೆಗಳಲ್ಲಿ ಬಹುಪಾಲು ಶೆಲಾಕ್‌ನವು. ಶೆಲಾಕ್ ಬರುವುದು ಅರಗಿನಿಂದ. ದುರ್ಯೋಧನ ಪಾಂಡವರಿಗೆ ಮನೆ ಕಟ್ಟಿಸಿದ ಅದೇ ಅರಗು. ಛೋಟಾ ನಾಗಪುರದ ಕಾಡುಗಳಲ್ಲಿ ಕೀಟಗಳು ಕೊಂಬೆಗಳ ಮೇಲೆ ಸ್ರವಿಸಿದ ಆ ಅಂಟಿಗೆ ಕಲ್ಲಿನ ಪುಡಿ, ಹತ್ತಿಯ ನಾರು, ಕಪ್ಪು ಬಣ್ಣ ಬೆರೆಸಿ ಲೋಕವೆಲ್ಲ ರೆಕಾರ್ಡು ಒತ್ತಿತು. ಎರಡನೆಯ ಮಹಾಯುದ್ಧದಲ್ಲಿ ಶೆಲಾಕ್‌ಗೆ ಬರ ಬಂದಾಗ ಅಮೆರಿಕದ ಸೈನಿಕರಿಗಾಗಿ ವಿನೈಲ್ ತಟ್ಟೆಗಳನ್ನು ಒತ್ತಿದರು. 1948ರಲ್ಲಿ ಕೊಲಂಬಿಯಾ ಕಂಪನಿ ವಿನೈಲ್ ಎಲ್‌ಪಿ ಬಿಡುಗಡೆ ಮಾಡಿತು. ಭಾರತದಲ್ಲಿ ಮಾತ್ರ 78ರ ತಟ್ಟೆ 1960ರ ದಶಕದಲ್ಲೂ ಅಚ್ಚಾಗುತ್ತಿತ್ತು, ಬೀಟಲ್ಸ್ ಹಾಡುಗಳೂ ಅದರಲ್ಲಿ ಬಂದವು. ನಮ್ಮ ಮನೆಗಳ ಅಟ್ಟದಲ್ಲಿ ಎರಡೂ ಬಗೆ ಒಟ್ಟಿಗೆ ಸಿಗುವುದು ಅದಕ್ಕೇ.

ಗುರುತಿಸುವುದು ಕಷ್ಟವಲ್ಲ. ಶೆಲಾಕ್ ತಟ್ಟೆ ಭಾರ, ಬಗ್ಗುವುದಿಲ್ಲ, ಕೈಜಾರಿದರೆ ಒಡೆಯುತ್ತದೆ. ವಿನೈಲ್ ತುಸು ಬಾಗುತ್ತದೆ. ಅಟ್ಟದಿಂದ ಇಳಿಸಿದ ಪ್ಲೇಟನ್ನು ಒರೆಸುವ ಮೊದಲು ಇದನ್ನು ನೋಡಲೇಬೇಕು. ರೆಕಾರ್ಡು ತೊಳೆಯಲು ಮಾರುವ ದ್ರವಗಳಲ್ಲಿ ಆಲ್ಕೊಹಾಲ್ ಇರುವುದುಂಟು. ವಿನೈಲ್ ಅದನ್ನು ತಾಳಿಕೊಳ್ಳುತ್ತದೆ, ಶೆಲಾಕ್ ಅದರಲ್ಲಿ ಕರಗುತ್ತದೆ, ಗೀರಿನ ಜೊತೆ ಹಾಡೂ ಹೋಗುತ್ತದೆ. ಸೂಜಿಯೂ ಬೇರೆ. 78ರ ಗೀರು ಅಗಲ, ಅದಕ್ಕೆ ಸುಮಾರು 3 ಮಿಲ್ (ಮಿಲ್ ಎಂದರೆ ಇಂಚಿನ ಸಾವಿರದೊಂದು ಭಾಗ) ತುದಿಯ ಸೂಜಿ ಬೇಕು. ಎಲ್‌ಪಿಗೆ 1 ಮಿಲ್ ಅಥವಾ ಅದಕ್ಕಿಂತ ಕಡಿಮೆ. ಕೀಲಿ ಕೊಡುವ ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳಿನ ಕೆಳಗೆ ಎಲ್‌ಪಿಯನ್ನು ಒಮ್ಮೆಯೂ ಇಡಬೇಡಿ. ಆ ಭಾರಕ್ಕೆ ವಿನೈಲ್ ಗೀರು ಮೊದಲ ಸುತ್ತಿನಲ್ಲೇ ಕಿತ್ತುಹೋಗುತ್ತದೆ.